ರಶ್ ತಂಡದ 2112: ಹುಡುಗ ಗಿಟಾರ್ ಶ್ರುತಿ ಮಾಡುವ ಆ ಮೂರೂವರೆ ನಿಮಿಷ

ತಂತಿಗಿವಿ:

ನಿನ್ನೆ ರಾತ್ರಿ ಕೆನಡಾದ ರಾಕ್ ತಂಡ ರಶ್‌ನ 2112 ಆಲ್ಬಮ್ ಮತ್ತೆ ಕೇಳಿದೆ. ಕರೆಂಟ್ ಹೋಗಿತ್ತು. ಹೆಡ್‌ಫೋನ್ ಹಾಕಿಕೊಂಡು ಕತ್ತಲೆಯಲ್ಲಿ ಕೂತೆ, ಮುಗಿಯುವವರೆಗೆ ಏಳಲಿಲ್ಲ. ಕೇಳಿದ ಮೇಲೆ ಇಲ್ಲಿ ಬರೆಯಲೇಬೇಕು ಅನ್ನಿಸಿತು. ಈ ಆಲ್ಬಮ್ ಮಾತು ಬಂದಾಗಲೆಲ್ಲ ಜನ ಮೊದಲ ಭಾಗವಾದ ಓವರ್‌ಚರ್‌ನ ಅಬ್ಬರ, ಗಾಯಕ ಗೆಡ್ಡಿ ಲೀಯ ಏರುದನಿ, ಕವರ್ ಮೇಲಿನ ಕೆಂಪು ನಕ್ಷತ್ರ, ಇಷ್ಟನ್ನೇ ಹೇಳುತ್ತಾರೆ. ನನಗೆ ಮಾತ್ರ ಏಳು ಭಾಗದ ಈ ಹಾಡಿನ ಕತೆ ಪೂರ್ತಿ ನಿಂತಿರುವುದು ಮೂರನೇ ಭಾಗದ ಮೇಲೆ ಅನ್ನಿಸುತ್ತದೆ. ಡಿಸ್ಕವರಿ ಅಂತ ಅದರ ಹೆಸರು.

ಕೇಳದವರಿಗಾಗಿ ಕತೆ ಸ್ವಲ್ಪ. 2062ರಲ್ಲಿ ಗ್ರಹಗಳ ನಡುವಿನ ದೊಡ್ಡ ಯುದ್ಧ ಮುಗಿದು ಎಲ್ಲವೂ ಸೋಲಾರ್ ಫೆಡರೇಷನ್ ಅನ್ನುವ ಒಂದೇ ಆಡಳಿತಕ್ಕೆ ಸೇರಿವೆ. ಅದರ ಗುರುತೇ ಕೆಂಪು ನಕ್ಷತ್ರ. ಅದಾಗಿ ಐವತ್ತು ವರ್ಷ. ಮೆಗಡಾನ್ ಅನ್ನುವ ಊರಿನಲ್ಲಿ ಸಿರಿಂಕ್ಸ್ ದೇವಾಲಯಗಳ ಪುರೋಹಿತರದ್ದೇ ಕಾರುಬಾರು. ಜನ ಏನು ಓದಬೇಕು, ಏನು ಕೇಳಬೇಕು, ಏನು ನೋಡಬೇಕು ಎಲ್ಲ ಅವರೇ ತೀರ್ಮಾನ ಮಾಡುತ್ತಾರೆ. ಗುಡಿಯೊಳಗೆ ತುಂಬಿರುವುದು ದೊಡ್ಡ ದೊಡ್ಡ ಕಂಪ್ಯೂಟರುಗಳು. ಅಂಥ ಊರಿನ ಒಬ್ಬ ಹುಡುಗನಿಗೆ ತನಗೆ ಇಷ್ಟವಾದ ಜಲಪಾತದ ಹಿಂದಿನ ಗುಹೆಯಲ್ಲಿ ಹಳೆಯ ಗಿಟಾರ್ ಒಂದು ಸಿಗುತ್ತದೆ. ಅದು ಏನು ಅಂತಲೇ ಅವನಿಗೆ ಗೊತ್ತಿಲ್ಲ. ನುಡಿಸಲು ಕಲಿಯುತ್ತಾನೆ. ಖುಷಿಯಿಂದ ಪುರೋಹಿತರ ಹತ್ತಿರ ಒಯ್ಯುತ್ತಾನೆ. ಅವರು ಅದನ್ನು ಕಾಲಡಿ ಹಾಕಿ ಪುಡಿ ಮಾಡುತ್ತಾರೆ. ಆಮೇಲೆ ಅವನಿಗೊಂದು ಕನಸು ಬೀಳುತ್ತದೆ. ಹಿಂದೆ ಈ ಗ್ರಹಗಳನ್ನು ಬಿಟ್ಟುಹೋದ ಒಂದು ಹಿರಿಯ ಕುಲ ಬೇರೆಲ್ಲೋ ಸುಖವಾಗಿ ಬಾಳುತ್ತಿದೆ, ಅಲ್ಲಿ ಹಾಡು ಇದೆ, ಕಲೆ ಇದೆ. ಎಚ್ಚರವಾದ ಮೇಲೆ ಅವನಿಗೆ ಈ ಬದುಕು ಬೇಡವಾಗುತ್ತದೆ. ಪ್ರಾಣ ಬಿಡುತ್ತಾನೆ. ಕೊನೆಯಲ್ಲಿ ಮತ್ತೊಂದು ಯುದ್ಧ.

ಬರೀ ಕತೆಯನ್ನು ಹಿಡಿದರೆ ಇದು ತೆಳು. ಒಂದು ಪುಟದಲ್ಲಿ ಮುಗಿಯುತ್ತದೆ. ಪುರೋಹಿತರಿಗೆ ಮುಖ ಇಲ್ಲ, ಹುಡುಗನಿಗೆ ಹೆಸರು ಕೂಡ ಇಲ್ಲ. ಆದರೂ 1976ರಿಂದ ಜನ ಇದನ್ನು ಕೇಳುತ್ತಲೇ ಇದ್ದಾರೆ. ಯಾಕೆ?

6 ನಿಮಿಷ 45 ಸೆಕೆಂಡಿನ ಹತ್ತಿರ ಹೋಗಿ ಕೇಳಿ. ಅಲ್ಲಿಯವರೆಗೆ ಕಿವಿ ತುಂಬ ಡ್ರಮ್ಮು, ಬಾಸು, ಪುರೋಹಿತರ ಆರ್ಭಟ. ತಟ್ಟನೆ ಎಲ್ಲ ನಿಂತು ನೀರು ಹರಿಯುವ ಸದ್ದು ಬರುತ್ತದೆ. ನೀರಿನ ನಡುವೆ ಯಾರೋ ಒಂದು ತಂತಿ ಮುಟ್ಟುತ್ತಾರೆ. ಶ್ರುತಿ ಇಲ್ಲ. ಇನ್ನೊಂದು ತಂತಿ. ಅದಕ್ಕೂ ಇಲ್ಲ. ನಿಧಾನವಾಗಿ ಬಿಗಿ ಮಾಡುತ್ತಾ ಬರುತ್ತಾನೆ, ಸ್ವರ ಜಾರುತ್ತಾ ಮೇಲೇರುವುದು ನಮಗೆ ಕೇಳಿಸುತ್ತದೆ. ಎರಡು ತಂತಿ ಒಂದಕ್ಕೊಂದು ಹೊಂದಿದ ಕೂಡಲೇ ಅವನಿಗೇ ಆಶ್ಚರ್ಯವಾದ ಹಾಗೆ ಮತ್ತೆ ಮತ್ತೆ ಅದನ್ನೇ ಮೀಟುತ್ತಾನೆ. ಆಮೇಲೆ ಬೆರಳು ಮೆಲ್ಲಗೆ ತಾಗಿಸಿದಾಗ ಬರುವ ಗಂಟೆಯಂಥ ನಾದ. ಆಮೇಲೆ ಒಂದು ಪುಟ್ಟ ಧಾಟಿ. ಹಾಡು ಶುರುವಾಗುವ ಹೊತ್ತಿಗೆ ಅವನು ಆಗಲೇ ವಾದಕ. ಒಬ್ಬ ಮನುಷ್ಯ ಸಂಗೀತವನ್ನು ಮೊದಲ ಸಲ ಕಂಡುಕೊಳ್ಳುವುದನ್ನು ಮಾತಿಲ್ಲದೆ ತೋರಿಸಿದ್ದಾರೆ. ತಂಡದ ಗಿಟಾರ್ ವಾದಕ ಅಲೆಕ್ಸ್ ಲೈಫ್‌ಸನ್ ಇದಕ್ಕಿಂತ ಕಷ್ಟದ್ದನ್ನು ಬೇಕಾದಷ್ಟು ನುಡಿಸಿದ್ದಾನೆ. ಇದಕ್ಕಿಂತ ಒಳ್ಳೆಯದನ್ನು ನುಡಿಸಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಇದು ಕಿವಿಗೆ ಹತ್ತಿದ್ದರಿಂದಲೇ ಮುಂದೆ ಗಿಟಾರ್ ಪುಡಿಯಾದಾಗ ಸಂಕಟವಾಗುತ್ತದೆ. ಅದು ಹೇಗೆ ಶ್ರುತಿಗೆ ಬಂತು ಅಂತ ನಾವು ಪಕ್ಕದಲ್ಲೇ ಕೂತು ಕೇಳಿರುತ್ತೇವೆ ಅಲ್ವಾ.

ನೀವೆಲ್ಲ ಏನಂತೀರಿ?

ಡ್ರಮ್‌ಪ್ರಿಯ:

ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಒಂದು ತಕರಾರು. ಇದನ್ನು ಕಾನ್ಸೆಪ್ಟ್ ಆಲ್ಬಮ್, ಅಂದರೆ ಪೂರ್ತಿ ಒಂದೇ ಕತೆ ಹೇಳುವ ಆಲ್ಬಮ್ ಅಂತ ಕರೆಯುವುದು ಪೂರ್ತಿ ಸರಿಯಲ್ಲ. ಕತೆ ಇರುವುದು ಎಲ್‌ಪಿಯ ಮೊದಲ ಬದಿಯಲ್ಲಿ ಮಾತ್ರ, 20 ನಿಮಿಷ 33 ಸೆಕೆಂಡು, ಏಳು ಭಾಗ. ಎರಡನೇ ಬದಿಯ ಐದು ಹಾಡಿಗೂ ಮೆಗಡಾನ್‌ಗೂ ಸಂಬಂಧ ಇಲ್ಲ. ಎ ಪ್ಯಾಸೇಜ್ ಟು ಬ್ಯಾಂಕಾಕ್ ಒಂದು ಊರೂರು ತಿರುಗುವ ಹಾಡು, ಅದೂ ಗಾಂಜಾ ಹುಡುಕಿಕೊಂಡು. ದಿ ಟ್ವಿಲೈಟ್ ಝೋನ್ ಹಳೆಯ ಟಿವಿ ಸರಣಿಯ ಮೇಲಿನದ್ದು. ಟಿಯರ್ಸ್‌ನಲ್ಲಿ ಹ್ಯೂ ಸೈಮ್ ಮೆಲ್ಲೊಟ್ರಾನ್ ಅನ್ನುವ ಕೀಬೋರ್ಡ್ ನುಡಿಸಿದ್ದಾರೆ, ಇಂಪಾಗಿದೆ, ಅಷ್ಟೇ.

ಇನ್ನೊಂದು, ಡ್ರಮ್ಮರ್ ನೀಲ್ ಪಿಯರ್ಟ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಸಾಹಿತ್ಯ ಬರೆದದ್ದು ಅವರು. ಓವರ್‌ಚರ್‌ನಲ್ಲಿ ಮುಂದೆ ಬರುವ ಭಾಗಗಳ ತುಣುಕುಗಳನ್ನೆಲ್ಲ ಒಂದೊಂದಾಗಿ ಎಸೆದು ಹೋಗುವಾಗ ಅವುಗಳನ್ನು ಹೊಲಿದು ಹಿಡಿದಿರುವುದು ಅವರ ಡ್ರಮ್ಮು. 2020ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನಾನು ಕೇಳಿದ್ದು ಇದೇ 20 ನಿಮಿಷ.

ತಂತಿಗಿವಿ:

ಪಿಯರ್ಟ್ ವಿಷಯದಲ್ಲಿ ನೀವು ಹೇಳಿದ್ದು ನ್ಯಾಯ, ಬರೆಯಬೇಕಿತ್ತು. ಎರಡನೇ ಬದಿ ಬಗ್ಗೆಯೂ ಒಪ್ಪಿದೆ. ಸಂಥಿಂಗ್ ಫಾರ್ ನಥಿಂಗ್ ಮಾತ್ರ ಮೊದಲ ಬದಿಯ ನೆಂಟ ಅನ್ನಿಸುತ್ತದೆ, ಸುಮ್ನೆ ಕೂತರೆ ಏನೂ ಬರುವುದಿಲ್ಲ ಅನ್ನುವ ಹಾಡು ಅದು. ಉಳಿದ ನಾಲ್ಕನ್ನು ನಾನು ಬೇರೆ ದಿನ ಕೇಳುತ್ತೇನೆ.

ಕ್ಯಾಸೆಟ್‌ಕಾಲ:

ನನ್ನದೊಂದು ಅನುಭವ ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ನಮ್ಮೂರಿನ ಒಂದು ಅಂಗಡಿಯಲ್ಲಿ ಕ್ಯಾಸೆಟ್ ಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದರು. ನಾನು 60 ನಿಮಿಷದ ಕ್ಯಾಸೆಟ್ ಕೊಟ್ಟು 2112 ಬರೆಸಿ ಅಂದೆ. ಅವರು ಒಂದು ಬದಿಯಲ್ಲಿ ಮೊದಲು ಬೇರೆ ತಂಡದ ಎರಡು ಹಾಡು ಹಾಕಿ, ಸುಮಾರು 12 ನಿಮಿಷ, ಆಮೇಲೆ ಇದನ್ನು ಹಾಕಿದ್ದರು. 30 ನಿಮಿಷಕ್ಕೆ ಟೇಪು ಮುಗಿಯಿತು. ಎಲ್ಲಿ ಮುಗಿಯಿತು ಗೊತ್ತಾ? ಆರನೇ ಭಾಗ ಸೊಲಿಲಕ್ವಿ ಮುಗಿಯುವ ಹೊತ್ತಿಗೆ. ಹುಡುಗ ಪ್ರಾಣ ಬಿಡುತ್ತಾನೆ, ಟಕ್ ಅಂತ ಗುಂಡಿ ಮೇಲೆ ಬರುತ್ತದೆ, ಮನೆಯಲ್ಲಿ ನಿಶ್ಶಬ್ದ.

ಐದಾರು ವರ್ಷ ನನಗೆ ಕತೆ ಅಷ್ಟೇ. ಗ್ರ್ಯಾಂಡ್ ಫಿನಾಲೆ ಅನ್ನುವ ಕೊನೆಯ ಭಾಗ ಇದೆ ಅಂತಲೇ ಗೊತ್ತಿರಲಿಲ್ಲ. ಮುಂದೆ ಸಿಡಿ ಸಿಕ್ಕಿ, ಆ ನಿಶ್ಶಬ್ದ ಬರಬೇಕಾದ ಜಾಗದಲ್ಲಿ ತಂಡ ಪೂರ್ತಿ ನುಗ್ಗಿ ಬಂದಾಗ ನನಗೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಅವನ ಸಾವಿಗೆ ಒಂದು ಗಳಿಗೆ ಸುಮ್ಮನಿರಬಾರದಿತ್ತೇ ಅನ್ನಿಸಿತು. ಇವತ್ತಿಗೂ ನನಗೆ ಆ ತುಂಡಾದ ಟೇಪಿನ ಕತೆಯೇ ಹೆಚ್ಚು ಸತ್ಯ.

ಹೊಸಕೇಳುಗಿ:

ನಾನು ಈ ಬಗೆಯ ಸಂಗೀತಕ್ಕೆ ಹೊಸಬಳು. ಇದನ್ನೆಲ್ಲ ಓದಿ ನಿನ್ನೆ ಮೊದಲ ಸಲ ಹಾಕಿಕೊಂಡೆ. ಒಂದು ಪ್ರಶ್ನೆ. ಪುರೋಹಿತರ ಭಾಗ ಹಾಡುವವರು ಬೇರೆ, ಹುಡುಗನ ಭಾಗ ಹಾಡುವವರು ಬೇರೆ ಅಂತ ಅಂದುಕೊಂಡಿದ್ದೆ. ಇಬ್ಬರೂ ಒಬ್ಬರೇನಾ?

ತಂತಿಗಿವಿ:

ಒಬ್ಬರೇ ಮೇಡಂ. ಗೆಡ್ಡಿ ಲೀ. ಬಾಸ್ ನುಡಿಸುವುದೂ ಅವರೇ. ಒಳ್ಳೆಯ ಜಾಗದಲ್ಲಿ ಕೈ ಇಟ್ಟಿದ್ದೀರಿ. ಪುರೋಹಿತರು ಬಂದಾಗ ಗಂಟಲು ಹರಿದುಹೋಗುವಷ್ಟು ಏರಿನಲ್ಲಿ ಹಾಡುತ್ತಾರೆ, ಹುಡುಗ ಬಂದಾಗ ಹತ್ತಿರ ಕೂತು ಮಾತಾಡಿದ ಹಾಗೆ. ಪ್ರೆಸೆಂಟೇಷನ್ ಅನ್ನುವ ನಾಲ್ಕನೇ ಭಾಗದಲ್ಲಿ ಎರಡೂ ಎದುರುಬದುರು ಬರುತ್ತವೆ. ಹುಡುಗ ಮೆದುವಾಗಿ, ಇದು ನೋಡಿ, ಎಷ್ಟು ಚೆನ್ನಾಗಿದೆ, ಲೋಕಕ್ಕೆಲ್ಲ ಬೇಕಾಗುತ್ತದೆ ಅನ್ನುತ್ತಾನೆ. ಅವರು, ನಮಗೆ ಗೊತ್ತು, ಇದೇನು ಹೊಸದಲ್ಲ, ಹಳೆಯ ಕುಲವನ್ನು ಹಾಳು ಮಾಡಿದ ಆಟಿಕೆ ಇದು ಅಂತ ಮೇಲೆ ಬೀಳುತ್ತಾರೆ. ಗಿಟಾರ್ ಕೂಡ ಹಾಗೇ. ಅವನಿಗೆ ತಿಳಿಯಾದ ತಂತಿ, ಅವರಿಗೆ ಡಿಸ್ಟಾರ್ಷನ್, ಅಂದರೆ ಒಡೆದ ಹಾಗೆ ಕೇಳುವ ಒರಟು ಸದ್ದು.

ಈಗ ಸೊಲಿಲಕ್ವಿ ಇನ್ನೊಮ್ಮೆ ಕೇಳಿ, ಸುಮಾರು 16ನೇ ನಿಮಿಷದಿಂದ. ಹುಡುಗ ಮೆಲ್ಲಗೆ ಶುರು ಮಾಡುತ್ತಾನೆ, ಕಣ್ಣಲ್ಲಿ ಇನ್ನೂ ನಿದ್ದೆ ಇದೆ ಅಂತ. ಕೊನೆಗೆ ಬರುವಾಗ ಅವನ ದನಿ ಪುರೋಹಿತರ ಎತ್ತರಕ್ಕೇ ಏರಿರುತ್ತದೆ. ಅಷ್ಟು ಮೆತ್ತಗಿದ್ದ ಹುಡುಗನನ್ನು ಆ ಊರು ಕಿರುಚುವ ಹಾಗೆ ಮಾಡಿಬಿಟ್ಟಿತು ಅಂತ ನನಗೆ ಪ್ರತಿ ಸಲ ಹೊಟ್ಟೆಯಲ್ಲಿ ಕಿವುಚುತ್ತದೆ. ಬೇಕು ಅಂತ ಹಾಗೆ ಮಾಡಿದರೋ, ಹಾಡಿನ ಏರಿಗೆ ತಾನಾಗಿ ಬಂತೋ, ಕೇಳುವವನಿಗೆ ಆ ಅರ್ಥ ಬಂದೇ ಬರುತ್ತದೆ.

ಮೈಸೂರು_ವೀಣೆ:

ನಾನು ವೀಣೆ ಕಲಿತವಳು. ರಾಕ್ ಕೇಳುವುದು ಕಡಿಮೆ. ಶ್ರುತಿ ಅನ್ನುವ ಮಾತು ಶೀರ್ಷಿಕೆಯಲ್ಲಿ ಕಂಡು ಒಳಗೆ ಬಂದೆ.

ಕೇಳಿದೆ. ನನಗೆ ನೆನಪಾದದ್ದು ನಮ್ಮ ಮೇಷ್ಟ್ರ ಮನೆ. ಮೊದಲ ಕೆಲವು ತಿಂಗಳು ನಮಗೆ ನುಡಿಸಲು ಬಿಟ್ಟಿದ್ದಕ್ಕಿಂತ ಜಾಸ್ತಿ ಕೇಳಲು ಕೂರಿಸಿದ್ದೇ ಹೆಚ್ಚು. ಅವರು ಬಿರಡೆ ಹಿಡಿದು ಒಂದು ಕೂದಲೆಳೆಯಷ್ಟು ತಿರುಗಿಸುವುದು, ಮೀಟುವುದು, ತಲೆ ಓರೆ ಮಾಡಿ ಕೇಳುವುದು, ಮತ್ತೆ ತಿರುಗಿಸುವುದು. ಸಾರಣಿ ತಂತಿ ಷಡ್ಜಕ್ಕೆ ಸೇರಿದ ಕ್ಷಣ ವೀಣೆಯ ಬುರುಡೆಯೇ ಉಸಿರಾಡಿದ ಹಾಗೆ ಕೋಣೆ ತುಂಬುತ್ತಿತ್ತು. ಆಗ ಅವರು ಮಾತಾಡುತ್ತಿರಲಿಲ್ಲ, ಬರೀ ನಮ್ಮ ಮುಖ ನೋಡುತ್ತಿದ್ದರು, ಕೇಳಿಸಿತಾ ಅನ್ನುವ ಹಾಗೆ.

ಈ ಹುಡುಗನಿಗೆ ಹಾಗೆ ನೋಡುವವರು ಯಾರೂ ಇಲ್ಲ. ಕಲಿಸುವವರಿಲ್ಲ, ಹಾಡು ಅಂದರೆ ಏನು ಅಂತ ಹೇಳಿದವರಿಲ್ಲ. ಆದರೂ ಎರಡು ತಂತಿ ಹೊಂದಿದ್ದು ಅವನಿಗೆ ತಿಳಿಯುತ್ತದೆ. ಅದು ಕಟ್ಟುಕತೆ ಅಲ್ಲ. ಎರಡು ಸ್ವರ ಸೇರದಿದ್ದಾಗ ನಡುವೆ ಒಂದು ಅಲೆ ಮಿಡಿಯುತ್ತದೆ, ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಸೇರಿದಾಗ ನಿಲ್ಲುತ್ತದೆ. ಅದು ಕಲಿತವರಿಗೂ ಕೇಳುತ್ತದೆ, ಕಲಿಯದವರಿಗೂ ಕೇಳುತ್ತದೆ. ಈ ಒಂದು ಜಾಗದಲ್ಲಿ ಆ ತಂಡ ತುಂಬಾ ಪ್ರಾಮಾಣಿಕವಾಗಿದೆ. ಅವನು ಇಷ್ಟು ಬೇಗ ನುಡಿಸಲು ಕಲಿಯುವುದು ಮಾತ್ರ ನಂಬಲಾಗದು, ಆದರೆ ಮೂರೂವರೆ ನಿಮಿಷದಲ್ಲಿ ಹೇಳಬೇಕಲ್ಲ.

ಉಳಿದ ಭಾಗ ನನ್ನ ಕಿವಿಗೆ ಜೋರಾಯಿತು. ಹೇಳದೆ ಇರಲಾರೆ.

ಡ್ರಮ್‌ಪ್ರಿಯ:

ಮೇಡಂ, ಆ ಜೋರು ಇಲ್ಲದಿದ್ದರೆ ಈ ಮೆದು ಎದ್ದು ಕಾಣುತ್ತಿರಲಿಲ್ಲ ಅಂತ ನನ್ನ ವಾದ. ಆದರೆ ಅಲೆಯ ಮಾತು ಓದಿ ಮತ್ತೆ ಕೇಳಿದೆ. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ.

ಕರಾವಳಿ_ಓದುಗ:

ಎಲ್ಲರೂ ಸಂಗೀತದ್ದೇ ಹೇಳುತ್ತಿದ್ದೀರಿ ಮಾರಾಯ್ರೆ, ಕತೆ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕಲ್ಲ. ಆಲ್ಬಮ್ ಕವರ್ ಮೇಲೆ ಪಿಯರ್ಟ್ ಅವರೇ ಲೇಖಕಿ ಐನ್ ರ್‍ಯಾಂಡ್‌ಗೆ ಋಣ ಹೇಳಿದ್ದಾರೆ. ಆಕೆಯ ಆಂಥೆಮ್ ಅನ್ನುವ ಸಣ್ಣ ಕಾದಂಬರಿ 1938ರದ್ದು. ಅದರಲ್ಲೂ ಎಲ್ಲವನ್ನೂ ಮೇಲಿನವರೇ ತೀರ್ಮಾನಿಸುವ ಸಮಾಜ, ಅದರಲ್ಲೂ ಒಬ್ಬ ಯುವಕ ಕಳೆದುಹೋದ ವಸ್ತುವೊಂದನ್ನು ಕಂಡುಕೊಂಡು ಪಂಡಿತರ ಮುಂದೆ ಇಟ್ಟು ಬೈಸಿಕೊಳ್ಳುತ್ತಾನೆ. ಅಲ್ಲಿ ವಿದ್ಯುತ್ ದೀಪ, ಇಲ್ಲಿ ಗಿಟಾರ್. ನನಗೆ ರ್‍ಯಾಂಡ್ ವಿಚಾರ ಹಿಡಿಸುವುದಿಲ್ಲ. ಒಬ್ಬ ಪ್ರತಿಭಾವಂತ, ಉಳಿದವರೆಲ್ಲ ಕುರಿಮಂದೆ ಅನ್ನುವ ದೃಷ್ಟಿ ಅದು. ಅದಕ್ಕೇ ಈ ಆಲ್ಬಮ್ ಕೇಳುವಾಗ ಸ್ವಲ್ಪ ಎಚ್ಚರವಾಗಿ ಕೇಳುತ್ತೇನೆ.

ಟೊರಾಂಟೊ_ಕನ್ನಡಿಗ:

ಈ ಮಾತು ತಂಡಕ್ಕೆ ಆಗಿನಿಂದಲೇ ಬೆನ್ನು ಹತ್ತಿತ್ತು. 1978ರಲ್ಲಿ ಬ್ರಿಟನ್ನಿನ ಒಂದು ಸಂಗೀತ ಪತ್ರಿಕೆ ಅವರನ್ನು ಫ್ಯಾಸಿಸಂ ಕಡೆಗೆ ವಾಲಿದವರು ಅನ್ನುವ ಹಾಗೆ ಬರೆಯಿತು. ಗೆಡ್ಡಿ ಲೀಯ ಅಪ್ಪ ಅಮ್ಮ ಇಬ್ಬರೂ ಪೋಲೆಂಡಿನ ಯಹೂದಿಗಳು, ಔಷ್ವಿಟ್ಸ್ ಶಿಬಿರ ಕಂಡು ಬದುಕಿ ಬಂದವರು. ಅಂಥ ಮನೆಯ ಮಗನ ಮೇಲೆ ಆ ಆಪಾದನೆ. ಅದನ್ನು ಓದಿದಾಗ ನನಗೆ ತುಂಬಾ ಬೇಜಾರಾಗಿತ್ತು. ಪಿಯರ್ಟ್ ಕೂಡ ಮುಂದೆ ರ್‍ಯಾಂಡ್‌ಳಿಂದ ದೂರ ಸರಿದರು.

ನಾನು ಇರುವ ಊರು ಇವರದ್ದೇ. ಗೆಡ್ಡಿ, ಅಲೆಕ್ಸ್ ಇಬ್ಬರೂ ಇಲ್ಲಿನ ವಿಲ್ಲೋಡೇಲ್ ಬಡಾವಣೆಯ ಹುಡುಗರು, ಶಾಲೆಯ ಗೆಳೆಯರು. 2016ರಲ್ಲಿ ಅಲ್ಲಿ ಅವರಿಬ್ಬರ ಹೆಸರಿನಲ್ಲೇ ಒಂದು ಉದ್ಯಾನ ಮಾಡಿದ್ದಾರೆ. ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ.

ಇನ್ನೊಂದು ಮಾತು. ಈ ಕತೆಯ ಪುರೋಹಿತರು ಯಾರು ಅನ್ನುವುದಕ್ಕೆ ರ್‍ಯಾಂಡ್ ತನಕ ಹೋಗಬೇಕಾಗಿಲ್ಲ ಅಂತ ನನಗನ್ನಿಸುತ್ತದೆ. 1975ರ ಕ್ಯಾರೆಸ್ ಆಫ್ ಸ್ಟೀಲ್ ನೆಲಕಚ್ಚಿತ್ತು. ಅದರಲ್ಲೂ ಒಂದು ಬದಿ ಪೂರ್ತಿ ಒಂದೇ ಹಾಡು. ಆಗಿನ ಪ್ರವಾಸದಲ್ಲಿ ಜನ ಬರಲಿಲ್ಲ, ಮುಳುಗುವ ಪ್ರವಾಸ ಅಂತ ಅವರೇ ಹೆಸರಿಟ್ಟುಕೊಂಡಿದ್ದರು. ರೆಕಾರ್ಡ್ ಕಂಪನಿಯವರು ಉದ್ದ ಹಾಡು ಸಾಕು, ರೇಡಿಯೋಗೆ ಆಗುವಂಥ ಚಿಕ್ಕದು ಕೊಡಿ ಅಂದರು. ಮುಗಿದರೆ ಮುಗಿಯಲಿ, ನಮಗೆ ಬೇಕಾದ್ದನ್ನೇ ಮಾಡಿ ಮುಗಿಸೋಣ ಅಂತ ಮೂವರೂ ತೀರ್ಮಾನಿಸಿ ನಿರ್ಮಾಪಕ ಟೆರ್ರಿ ಬ್ರೌನ್ ಜೊತೆ ಟೊರಾಂಟೊದ ಸ್ಟುಡಿಯೋಕ್ಕೆ ಹೋಗಿ 20 ನಿಮಿಷದ ಹಾಡನ್ನು ಮೊದಲ ಬದಿಗೇ ಹಾಕಿದರು. ಪಿಯರ್ಟ್ ರಶ್ ಸೇರುವ ಮೊದಲು ಅಪ್ಪನ ಕೃಷಿ ಯಂತ್ರಗಳ ಅಂಗಡಿಯಲ್ಲಿ ಬಿಡಿಭಾಗ ಮಾರುತ್ತಿದ್ದವರು, ಸೋತರೆ ವಾಪಸು ಅಲ್ಲಿಗೇ. ಗಿಟಾರ್ ಹಿಡಿದುಕೊಂಡು ದೊಡ್ಡವರ ಮುಂದೆ ನಿಂತು, ಇದು ಯಾರಿಗೂ ಬೇಡ ಅನ್ನಿಸಿಕೊಂಡ ಹುಡುಗ ಅವರೇ ತಾನೆ.

ಸೋಲಲಿಲ್ಲ. ಅಮೆರಿಕದ ಪಟ್ಟಿಯಲ್ಲಿ 61ರ ತನಕ ಏರಿತು, ನಿಧಾನವಾಗಿ ಮಾರುತ್ತಲೇ ಹೋಗಿ 1995ರ ಹೊತ್ತಿಗೆ ಆ ದೇಶವೊಂದರಲ್ಲೇ 30 ಲಕ್ಷ ಪ್ರತಿ ದಾಟಿತು. ಆಮೇಲೆ ಅವರಿಗೆ ಯಾರೂ ಹೀಗೆ ಮಾಡಿ ಅಂತ ಹೇಳಲಿಲ್ಲ.

ಕರಾವಳಿ_ಓದುಗ:

ಈ ಕೊನೆಯ ವಿಷಯ ನನ್ನ ಕಣ್ಣು ತೆರೆಸಿತು. ಹಾಗೆ ನೋಡಿದರೆ ಹುಡುಗನ ಆಸೆ ಗಿಟಾರನ್ನು ಬಚ್ಚಿಟ್ಟುಕೊಳ್ಳುವುದಲ್ಲ, ಎಲ್ಲರಿಗೂ ಕೊಡಬೇಕು ಅನ್ನುವುದು. ಅದು ರ್‍ಯಾಂಡ್ ಹಾದಿ ಅಲ್ಲವೇ ಅಲ್ಲ. ನನ್ನ ಮಾತು ಅರ್ಧ ಹಿಂದೆ ತೆಗೆದುಕೊಳ್ಳುತ್ತೇನೆ.

ಹೊಸಕೇಳುಗಿ:

ಇದನ್ನು ಲೈವ್ ಆಗಿ ನುಡಿಸಿದ್ದು ಕೇಳಬೇಕು ಅಂದರೆ ಯಾವುದು ಕೇಳಲಿ?

ತಂತಿಗಿವಿ:

1976ರ ಜೂನ್‌ನಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ನುಡಿಸಿದ್ದು ಆಲ್ ದಿ ವರ್ಲ್ಡ್ಸ್ ಎ ಸ್ಟೇಜ್ ಆಲ್ಬಮ್‌ನಲ್ಲಿದೆ. ಬೆಂಕಿಯಂಥ ವಾದನ. ಆದರೆ ಅದರಲ್ಲಿ ಡಿಸ್ಕವರಿ ಇಲ್ಲ, ಕನಸಿನ ಭಾಗವೂ ಇಲ್ಲ. ಪುರೋಹಿತರ ಹಾಡು ಮುಗಿದ ಕೂಡಲೇ ಹುಡುಗ ಗಿಟಾರ್ ಹಿಡಿದು ಅವರೆದುರು ನಿಂತಿರುತ್ತಾನೆ. ಎಲ್ಲಿ ಸಿಕ್ಕಿತು, ಹೇಗೆ ಕಲಿತ, ಯಾವುದೂ ಇಲ್ಲ. ಸಾವಿರಾರು ಜನರ ಮುಂದೆ ಒಬ್ಬ ನಿಂತು ಶ್ರುತಿ ಮಾಡುವುದನ್ನು ತೋರಿಸುವುದು ಕಷ್ಟ, ಗೊತ್ತು. ಆದರೂ ಅದನ್ನು ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ: ಗಿಟಾರ್ ಒಡೆದರು, ನನಗೆ ಏನೂ ಆಗಲಿಲ್ಲ.

ಏಳು ಭಾಗಗಳನ್ನೂ ವೇದಿಕೆ ಮೇಲೆ ಪೂರ್ತಿ ನುಡಿಸಲು ಅವರು 1996ರ ಪ್ರವಾಸದ ತನಕ ಕಾದರು. ಅದು 1998ರಲ್ಲಿ ಬಂದ ಡಿಫರೆಂಟ್ ಸ್ಟೇಜಸ್‌ನಲ್ಲಿದೆ. ನೀವು ಅದನ್ನು ಕೇಳಿ. ಗೆಡ್ಡಿಯ ದನಿ ಇಪ್ಪತ್ತು ವರ್ಷ ಮಾಗಿದೆ, ಮೊದಲಿನ ಏರು ಇಲ್ಲ. ಆದರೆ ಕತೆ ಪೂರ್ತಿ ಇದೆ.

ಇದೇ ದಾರಿಯಲ್ಲಿ ಮುಂದೆ ಹೋಗಬೇಕು ಅನ್ನಿಸಿದರೆ ಅವರದ್ದೇ 2012ರ ಕ್ಲಾಕ್‌ವರ್ಕ್ ಏಂಜಲ್ಸ್ ಇದೆ. ಆರಂಭದಿಂದ ಅಂತ್ಯದವರೆಗೆ ಒಂದೇ ಕತೆ, ಡ್ರಮ್‌ಪ್ರಿಯ ಅವರ ತಕರಾರಿಗೆ ಜಾಗ ಇಲ್ಲ.

ಕ್ಯಾಸೆಟ್‌ಕಾಲ:

ಕೊನೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಯುದ್ಧದಲ್ಲಿ ಗೆದ್ದವರು ಯಾರು? ಆಡಳಿತ ಹಿಡಿದಿದ್ದೇವೆ ಅಂತ ಘೋಷಿಸುವವರು ಪುರೋಹಿತರೋ, ಕನಸಿನಲ್ಲಿ ಕಂಡ ಹಿರಿಯ ಕುಲವೋ?

ಟೊರಾಂಟೊ_ಕನ್ನಡಿಗ:

ನನ್ನ ಓದಿನಲ್ಲಿ ಹಿರಿಯ ಕುಲ. ತಿರುಗಿ ಬರುತ್ತೇವೆ ಅನ್ನುವ ಮಾತು ಕನಸಿನ ಭಾಗದಲ್ಲೇ ಇದೆ. ಪುರೋಹಿತರ ಕೈಯಲ್ಲಿ ಆಡಳಿತ ಆಗಲೇ ಇದೆ, ಇದ್ದದ್ದನ್ನೇ ಹಿಡಿದಿದ್ದೇವೆ ಅಂತ ಅವರು ಯಾಕೆ ಹೇಳುತ್ತಾರೆ? ಹುಡುಗ ಇನ್ನೊಂದು ದಿನ ತಡೆದಿದ್ದರೆ ಸಾಕಿತ್ತು. ಆ ಸಂಕಟಕ್ಕಾಗಿಯೇ ಆ ಭಾಗ ಇರಬೇಕು ಅನ್ನುವುದು ನನ್ನ ವಾದ. ನಿಮ್ಮ ಟೇಪಿನಲ್ಲಿ ಆ ಸಂಕಟ ಇರಲಿಲ್ಲ.

ತಂತಿಗಿವಿ:

ನನಗೆ ಅಷ್ಟು ಖಾತ್ರಿ ಇಲ್ಲ. ಆ ಘೋಷಣೆಯ ದನಿಯಲ್ಲಿ ಕರುಣೆ ಇಲ್ಲ, ಯಂತ್ರ ಮಾತಾಡಿದ ಹಾಗಿದೆ. ಹಿರಿಯ ಕುಲವೇ ಬಂದಿದ್ದರೂ ಅವರು ಹಾಡುತ್ತಾ ಬಂದಿಲ್ಲ.

ಡ್ರಮ್‌ಪ್ರಿಯ:

ಆ ಘೋಷಣೆಯಲ್ಲೇ ಒಂದು ಲೆಕ್ಕ ಇದೆ, ಹಳೆಯ ಅಭಿಮಾನಿಗಳು ಹೇಳುತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಮೊದಲ ಸಾಲು ಏಳು ಪದ, ಮೂರು ಸಲ. ಎರಡನೇ ಸಾಲು ನಾಲ್ಕು ಪದ, ಮೂರು ಸಲ. 21, 12.

ಕ್ಯಾಸೆಟ್‌ಕಾಲ:

ಈಗ ತಾನೇ ಬೆರಳು ಮಡಚಿ ಎಣಿಸಿದೆ. ಸರಿಯಾಗಿದೆ. ನನ್ನ ಟೇಪಿನಲ್ಲಿ ಇಲ್ಲದಿದ್ದ ಎರಡು ನಿಮಿಷವನ್ನು ಸಿಟ್ಟಿಲ್ಲದೆ ಪೂರ್ತಿ ಕೇಳಿದ್ದು ಇದೇ ಮೊದಲು.